ಉಪ್ಪಿನ ಗೆರೆ

"ತುಂಬಾ ಚೆನ್ನಾಗಿದೆ," ಎಂದರು ಪತ್ರಿಕೆಯ ಫೋಟೋ ಎಡಿಟರ್, ಕನ್ನಡಕವನ್ನು ತಲೆಗೇರಿಸಿಕೊಳ್ಳುತ್ತಾ. "ಕಡಲು ಏರ್ತಿರೋದರ ಬಗ್ಗೆ ನಾಳೆ ಒಂದು ಪೂರ್ತಿ ಪುಟ ಇದೆ. ಇದನ್ನೇ ದೊಡ್ಡದಾಗಿ ಹಾಕೋಣ. ವೆಬ್‌ಸೈಟಲ್ಲಿ ಇದರ ಜೊತೆಗೆ ನೀನು ರೆಕಾರ್ಡ್ ಮಾಡಿದ ಅಜ್ಜಿಯ ಮಾತೂ ಕೇಳಿಸಲಿ."

ಹುಡುಗಿಯ ಪಕ್ಕದಲ್ಲಿ ಕುರ್ಚಿಯ ತುದಿಗೆ ಕೂತಿದ್ದ ಅಪ್ಪನ ಮುಖ ಅರಳಿತು. ತನ್ನ ಫೋಟೋ ಸ್ಟುಡಿಯೋಗೆ ಬೀಗ ಹಾಕಿ, ಇಸ್ತ್ರಿಯ ಅಂಗಿ ತೊಟ್ಟು, ಪತ್ರಿಕೆಯಲ್ಲಿ ಕೆಲಸ ಕೇಳಲು ಹೊರಟ ಮಗಳ ಜೊತೆ ಬಂದಿದ್ದ. "ಇವಳಿಗೆ ಬಾಯಿಲ್ಲ ಮೇಡಂ. ಸಾರು ಸಪ್ಪೆಯಾದರೂ ಸುಮ್ಮನೆ ಉಂಡು ಎದ್ದು ಹೋಗ್ತಾಳೆ. ಶಾಲೆ ಬಿಟ್ಟಾಗ ಏನಪ್ಪಾ ಗತಿ ಅಂದುಕೊಂಡಿದ್ದೆ. ಕೈಗೆ ಕ್ಯಾಮೆರಾ ಕೊಟ್ಟೆ ನೋಡಿ, ಅದರಲ್ಲೇ ಮಾತಾಡೋಕೆ ಶುರುಮಾಡಿದಳು."

ಹುಡುಗಿ ಕಂಪ್ಯೂಟರಿನ ಮೇಲಿನ ಚಿತ್ರವನ್ನೇ ನೋಡುತ್ತಿದ್ದಳು. ಕೆಳಬೀದಿಯ ಅಜ್ಜಿ ತನ್ನ ಕೋಣೆಯ ಗೋಡೆಗೆ ಬೆರಳಿಟ್ಟು ನಿಂತಿದ್ದಳು. ಮುಖದಲ್ಲಿ ಸುಕ್ಕಿರಲಿಲ್ಲ. ಗೋಡೆ ಹಾಲಿನಷ್ಟು ಬಿಳುಪು. ಮಳೆಯೇ ಇಲ್ಲದ ದಿನಗಳಲ್ಲಿ ಕಡಲು ಒಳಗೆ ಬಂದು ನಿಂತು, ಇಳಿದು ಹೋಗುವಾಗ ಬಿಟ್ಟ ಉಪ್ಪಿನ ಗೆರೆಗಳು, ಅವಳು ಫೋಟೋ ತೆಗೆದಾಗ, ಅಜ್ಜಿಯ ಮೊಣಕಾಲಿನಿಂದ ಎದೆಯವರೆಗೂ ಒಂದರ ಮೇಲೊಂದು ಇದ್ದವು. ಅವುಗಳಲ್ಲಿ ಒಂದೂ ಈ ಚಿತ್ರದಲ್ಲಿ ಕಾಣುತ್ತಿರಲಿಲ್ಲ.

ಅವಳಿಗೆ ಕೂಡಲೇ ಗೊತ್ತಾಯಿತು. ಬೆಳಿಗ್ಗೆ ಅವಳು ಅಜ್ಜಿಯ ಮಾತನ್ನು ಕತ್ತರಿಸಿ ಜೋಡಿಸುತ್ತಿದ್ದಾಗ, "ಫೋಟೋ ನಾನು ಕಳಿಸ್ತೀನಿ, ನೀನು ತಲೆ ಬಾಚ್ಕೋ ಹೋಗು" ಎಂದಿದ್ದ ಅಪ್ಪ. ಅವನು ಕಂಪ್ಯೂಟರಿನಲ್ಲಿ ಉಜ್ಜಿ ತೊಳೆಯದ ಫೋಟೋ ಸ್ಟುಡಿಯೋದ ಹೊಸ್ತಿಲು ದಾಟಿದ್ದೇ ಇಲ್ಲ. ಮೊಡವೆ, ಕಣ್ಣಿನ ಕೆಳಗಿನ ಕಪ್ಪು, ಹಿಂದಿನ ಗೋಡೆಯ ಕೊಳೆ, ಎಲ್ಲ ಮಾಯ. ಗೆಳೆಯರು ಅವನನ್ನು ಸೋಪಣ್ಣ ಎಂದು ಕರೆಯುತ್ತಿದ್ದುದು ಅದಕ್ಕೇ.

ಸುಮ್ಮನಿದ್ದರೆ ಕೆಲಸ ಸಿಕ್ಕ ಹಾಗೆ. ಬಾಯಿ ಬಿಟ್ಟರೆ ಕೆಲಸವೂ ಹೋಗಬಹುದು, ಇಸ್ತ್ರಿಯ ಅಂಗಿ ತೊಟ್ಟು ಬಂದ ಅಪ್ಪ ಪರರ ಮುಂದೆ ತಲೆ ತಗ್ಗಿಸಬೇಕಾಗಬಹುದು.

"ಇದನ್ನ ಹಾಕಬೇಡಿ ಮೇಡಂ."

ಎಡಿಟರ್ ಮುಂದಕ್ಕೆ ಬಾಗಿ ಕೇಳಿಸಿಕೊಳ್ಳಬೇಕಾಯಿತು. "ಏನಂದೆ?"

"ಗೋಡೆ ಹೀಗಿರಲಿಲ್ಲ. ಅದನ್ನ ಅಳಿಸಿ... ಅಳಿಸಿದ್ದೀವಿ."

ಕನ್ನಡಕ ತಲೆಯಿಂದ ಮೂಗಿಗೆ ಇಳಿಯಿತು. "ಹೀಗೆ ಅಳಿಸಿದವರ ಫೋಟೋ ನಮ್ಮಲ್ಲಿ ಮತ್ತೆ ತಗೊಳ್ಳಲ್ಲ. ಯಾರು ಮಾಡಿದ್ದು?"

ಹುಡುಗಿ ನೆಲ ನೋಡಿದಳು. ಅಪ್ಪ ಎದ್ದು ನಿಂತ. "ನಾನೇ ಮೇಡಂ. ಮಗಳ ಫೋಟೋ ಮೊದಲನೇ ಸಲ ಪೇಪರಲ್ಲಿ ಬರ್ತಿದೆ, ನಾಲ್ಕು ಜನ ನೋಡ್ತಾರೆ. ಗಲೀಜು ಗೋಡೆ ಹಾಗೇ ಕಳಿಸಕ್ಕಾಗುತ್ತಾ? ಇವಳಿಗೆ ಗೊತ್ತೇ ಇಲ್ಲ, ಪಾಪ."

ಎಡಿಟರ್ ರೆಕಾರ್ಡಿಂಗ್ ಹಾಕಿದರು. ಅಜ್ಜಿಯ ದನಿ ಕೋಣೆ ತುಂಬಿತು. "ಬಾ ಮಗಾ, ಇಲ್ಲಿ ನೋಡು. ಈ ಗೆರೆ ಮೊದಲು ಬಂದಾಗಿಂದು. ಮಂಚದ ಮೇಲೆ ಕಾಲು ಮಡಚಿಕೊಂಡು ಕೂತಿದ್ದೆ. ಇದು ಆಮೇಲಿಂದು, ಮಂಚಾನೇ ತೇಲ್ತು. ಇದು ಮೊನ್ನೆದು, ಮುಟ್ಟಿ ನೋಡು, ಇನ್ನೂ ತೇವ ಇದೆ. ನನ್ನ ಮಗ ಸುಣ್ಣ ಹೊಡೆಸ್ತೀನಿ ಅಂತಾನೆ. ಬೇಡ ಅಂದೆ. ಬಳಿದುಬಿಟ್ಟರೆ ನೀರು ಬಂದೇ ಇರಲಿಲ್ಲ ಅಂದಾರು."

ಅಪ್ಪ ಚಿತ್ರವನ್ನೇ ನೋಡುತ್ತಾ ನಿಂತಿದ್ದ. ಅಜ್ಜಿಯ ಬೆರಳು ಏನನ್ನೋ ತೋರಿಸುತ್ತಿತ್ತು. ಅಲ್ಲಿ ಏನೂ ಇರಲಿಲ್ಲ.

ಹುಡುಗಿ ಚೀಲದಿಂದ ಕ್ಯಾಮೆರಾ ತೆಗೆದು, ಅದರೊಳಗಿನ ಕಾರ್ಡನ್ನು ಮೇಜಿನ ಮೇಲಿಟ್ಟಳು. ಅವಳು ತೆಗೆದಿದ್ದ ಮೂಲ ಚಿತ್ರ, ಗೆರೆಗಳ ಸಮೇತ, ಕಂಪ್ಯೂಟರಿನಲ್ಲಿ ತೆರೆದುಕೊಂಡಿತು. ಎಡಿಟರ್ ಒಂದೊಂದೇ ಗೆರೆಯನ್ನು ದೊಡ್ಡದು ಮಾಡಿ ನೋಡಿದರು.

"ನಾಳೆ ಇದು ಬರುತ್ತೆ. ನೀನು ಹೇಳದೇ ಇದ್ದಿದ್ದರೆ ಆ ಬೀದಿಯವರೇ ಬಂದು ಹೇಳ್ತಿದ್ದರು. ಆಮೇಲೆ ನೀನು ಈ ಮೆಟ್ಟಿಲು ಹತ್ತೋ ಹಾಗಿರಲಿಲ್ಲ." ಕಾರ್ಡನ್ನು ಹಿಂದಕ್ಕೆ ಕೊಟ್ಟರು. "ಇನ್ನೊಂದು ಬೇಕು ನನಗೆ. ಬೇರೆ ಮನೆ, ಬೇರೆ ಗೆರೆ, ಅಲ್ಲಿಯವರದೇ ಮಾತು. ಸಂಜೆಯೊಳಗೆ ತಂದುಕೊಡು, ಕೆಲಸದ ಮಾತು ಆಗಲೇ ಆಡೋಣ."

ಬಸ್ಸಿನಲ್ಲಿ ಅಪ್ಪ ತುಟಿ ಬಿಚ್ಚಲಿಲ್ಲ. ದಾರಿಯುದ್ದಕ್ಕೂ ಮಾತಾಡುವವನು ಅವನು, ಹೂಂಗುಟ್ಟುವವಳು ಇವಳು. ಇವತ್ತು ಹೂಂಗುಟ್ಟಲೂ ಏನೂ ಸಿಗದೆ ಅವಳು ಕಿಟಕಿಗೆ ಹಣೆ ಆನಿಸಿ ಕೂತಳು.

"ಬೇಜಾರಾಯ್ತಾ ಅಪ್ಪಾ?" ಎಂದಳು, ಸ್ಟುಡಿಯೋದ ಬೀಗ ತೆಗೆಯುವಾಗ.

ಅಪ್ಪ ಸೀದಾ ಒಳಗೆ ನಡೆದ. ಗಿರಾಕಿಗಳನ್ನು ಕೂರಿಸುವ ಸ್ಟೂಲಿನ ಹಿಂದೆ, ಬೆಟ್ಟ, ಹೂತೋಟ ಬರೆದ ದೊಡ್ಡ ಪರದೆ ತೂಗುತ್ತಿತ್ತು. ಹೋದ ಸಲ ಬೀದಿಗೆ ಕಡಲು ನುಗ್ಗಿದಾಗಿನಿಂದ ಅದನ್ನು ನೆಲ ಮುಟ್ಟುವಷ್ಟು ಇಳಿಬಿಟ್ಟಿದ್ದ. ಯಾಕೆಂದು ಗಿರಾಕಿಗಳು ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಈಗ ಹಗ್ಗ ಎಳೆದು ಬೆಟ್ಟವನ್ನೂ ಹೂವನ್ನೂ ಮೇಲಕ್ಕೆ ಸುತ್ತಿಬಿಟ್ಟ. ಹಿಂದಿನ ಗೋಡೆಯ ಮೇಲೆ, ಸೊಂಟದೆತ್ತರಕ್ಕೆ, ಈ ಮೂಲೆಯಿಂದ ಆ ಮೂಲೆಗೆ ಉಪ್ಪಿನ ಗೆರೆ.

ಅಪ್ಪ ಅದರ ಮೇಲೆ ಬೆರಳಿಟ್ಟು ನಿಂತ.

"ಗಿರಾಕಿಗಳು ನೋಡ್ತಾರಲ್ಲಪ್ಪಾ."

"ನೋಡಲಿ. ಫೋಟೋದ ಕೆಳಗೆ ನಿನ್ನ ಹೆಸರು ಇರುತ್ತಲ್ಲ, ಅದನ್ನೂ ನೋಡ್ತಾರೆ. ರೆಕಾರ್ಡ್ ಒತ್ತಿದೆಯಾ?"

"ಒತ್ತಿದೆ."

"ಬೆವರಿದೀನಿ. ಮುಖ ಒರೆಸಿಕೊಳ್ಳಲಾ?"

"ಬೇಡ. ಹಾಗೇ ಇರಲಿ."

ಸೋಪಣ್ಣ ಮುಖದ ಹತ್ತಿರ ಒಯ್ದಿದ್ದ ಕೈಯನ್ನು ಕೆಳಗಿಳಿಸಿದ. ಅವಳು ಕ್ಯಾಮೆರಾ ಎತ್ತಿದಳು. ಬಂದ ಗಿರಾಕಿಗಳಿಗೆಲ್ಲ ದಿನವಿಡೀ "ಗದ್ದ ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ ಮೇಲೆ" ಎಂದು ಹೇಳಿ ಹೇಳಿ ಸುಸ್ತಾಗುತ್ತಿದ್ದವನಿಗೆ ಇವತ್ತು ಯಾರೂ ಅದನ್ನು ಹೇಳಬೇಕಾಗಲಿಲ್ಲ.