ಎಡಮೂಲೆಗೆ ಹೋದ ಚೆಂಡು

ಚೆಂಡು ಮತ್ತೆ ಎಡಮೂಲೆಗೆ ಹೋಯಿತು. ಅಲ್ಲಿ ಯಾರೂ ಇರಲಿಲ್ಲ. ಅದು ಗೆರೆ ದಾಟಿ, ಮೈದಾನದ ಗೋಡೆಗೆ ಬಡಿದು ನಿಂತಿತು.

ಇದು ಎರಡನೆಯ ಸಲ. ಅಂಕಣದ ಅಂಚಿನಲ್ಲಿ ನಿಂತಿದ್ದ ನೇಮಣ್ಣ ಮಾಸ್ತರರು ಎರಡು ಸಲವೂ ಕೂಗಿದ್ದರು. ಈ ಹೊತ್ತಿನ ಪರೀಕ್ಷೆ ಲಗಮಪ್ಪನದು. ಅವನು ಸೋಲಬಾರದೆಂದು ಬೆಳಗಿನ ಪೂಜೆಯಲ್ಲಿ ಮಾಸ್ತರರು ಬೇಡಿಕೊಂಡು ಬಂದಿದ್ದರು.

ಲಗಮಪ್ಪ ತುಕ್ಕಾನಟ್ಟಿಯವನು. ಕುರಿ ಕಾಯುವ ಮನೆತನದ ಹುಡುಗ. ಇಪ್ಪತ್ತು ವರ್ಷದ ಕೆಳಗೆ ಅವನ ಕೈಗೆ ಬಾಸ್ಕೆಟ್‌ಬಾಲ್ ಕೊಟ್ಟವರು ಈ ಮಾಸ್ತರರೇ. ಮೂಡಲಗಿಯ ತಂಡಕ್ಕೆ ಅವನಂಥ ಪಾಯಿಂಟ್ ಗಾರ್ಡ್ ಮುಂದೆಂದೂ ಸಿಗಲಿಲ್ಲ. ಚೆಂಡು ಹಂಚುವವನು ಅವನು. ಅವನ ಕೈ ನಡೆದಂತೆ ಆಟ ನಡೆಯುತ್ತಿತ್ತು. ಅಂಚಿನಿಂದ ಮಾಸ್ತರರು ಒಬ್ಬನ ಹೆಸರು ಕೂಗಿದರೆ ಸಾಕು, ತಲೆಯೆತ್ತಿ ನೋಡದೆ ಅವನ ಜಾಗಕ್ಕೆ ಚೆಂಡು ಕಳಿಸುತ್ತಿದ್ದ. ನೋಡಿ ಕೊಡುವಷ್ಟರಲ್ಲಿ ಎದುರಾಳಿ ಅಡ್ಡ ಬರುತ್ತಾನೆ. ಅದು ಮಾಸ್ತರರೇ ಕಲಿಸಿದ ಪಾಠ.

ಈಗ ಅವನಿಗೆ ಮೂವತ್ತೆಂಟು. ಗೋಕಾಕದ ಗಿರಣಿಯಲ್ಲಿ ಕೆಲಸ. ಎರಡು ವರ್ಷ ಅಂಕಣಕ್ಕೆ ಕಾಲಿಟ್ಟಿರಲಿಲ್ಲ. ಹೋದ ವಾರ ತಾನಾಗಿ ಬಂದು ನಿಂತಿದ್ದ.

"ಒಂದ ಸಲ ಆಡಸ್ರಿ ಮಾಸ್ತರ. ಹುಕ್ಕೇರಿ ಢಾಲು ಒಮ್ಮೆ ಕೈಯಾಗ ಹಿಡೀತೇನಿ. ಆಮ್ಯಾಲ ಕೇಳಾಂವ ಅಲ್ಲ."

ಹುಕ್ಕೇರಿ ಪಂದ್ಯಾವಳಿ ಗೆದ್ದವರಿಗೆ ಸಿಗುವ ಆ ಢಾಲಿಗಾಗಿ ಅವನು ನಾಲ್ಕು ಸಲ ಕೊನೆಯ ಪಂದ್ಯ ಆಡಿದ್ದ. ನಾಲ್ಕೂ ಸಲ ಸೋತಿದ್ದ. ಈ ಎರಡು ಸಾವಿರದ ಮೂರನೆಯ ಇಸವಿಯ ತಂಡ ಗೆಲ್ಲುವ ತಂಡ. ಹುಡುಗರು ಗಾಳಿಯಂತೆ ಓಡುತ್ತಾರೆ. ಆದರೆ ಕೊನೆಯ ಐದು ನಿಮಿಷ ಬಂತೆಂದರೆ ಕೈ ನಡುಗುತ್ತದೆ. ಒಂದು ತಣ್ಣನೆಯ ತಲೆ ಬೇಕಾಗಿತ್ತು.

ತಂಡದ ನಾಯಕ ಸಮ್ಮೇದ ಮಾಸ್ತರರ ಅಣ್ಣನ ಮಗ. ಅವನು ಒಪ್ಪಿರಲಿಲ್ಲ.

"ಕಾಕಾ, ಅವಂಗ ಮೊಣಕಾಲ ಬ್ಯಾನಿ ಐತಿ. ನಾವು ಓಡೂದೋ, ಅವನ್ನ ಹೊತ್ಕೊಂಡ ತಿರಗೂದೋ?"

"ನಿನಗ ಚಡ್ಡಿ ಲಾಡಿ ಕಟ್ಟಾಕ ಕಲಿಸಿದಾಂವ ಅವನ ಅಲ್ಲೇನಲೇ?"

"ಅದಕ್ಕ ನೋಡ್ರಿ, ಇನ್ನೂ ಜಾರತೈತಿ!"

ಹುಡುಗರೆಲ್ಲ ನಕ್ಕಿದ್ದರು. ಲಗಮಪ್ಪನೂ ನಕ್ಕಿದ್ದ. ಕೊನೆಗೆ ಇಪ್ಪತ್ತು ನಿಮಿಷದ ಪರೀಕ್ಷೆ ಎಂದು ತೀರ್ಮಾನವಾಯಿತು. ಹೊತ್ತು ಮುಳುಗಿದ ಮೇಲೆ ಜೈನರಾದ ಮಾಸ್ತರರು ನೀರನ್ನೂ ಮುಟ್ಟುವವರಲ್ಲ. ಅಷ್ಟರೊಳಗೆ ಆಟ ಮುಗಿಯಬೇಕು, ಊಟವೂ ಆಗಬೇಕು.

ಮೊದಲ ಹತ್ತು ನಿಮಿಷ ಲಗಮಪ್ಪ ಎಲ್ಲರ ಬಾಯಿ ಮುಚ್ಚಿಸಿದ. ಕಾಲು ನಿಧಾನ, ಚೆಂಡು ಮಾತ್ರ ಅವರೆಲ್ಲರ ಕಾಲಿಗಿಂತ ಮುಂದೆ. ಸಮ್ಮೇದನಿಗೆ ಮೂರು ಬುಟ್ಟಿ ಪುಕ್ಕಟೆ ಸಿಕ್ಕವು. "ಏ ಲಗಮಣ್ಣಾ, ಎಲ್ಲಿ ಇಟ್ಟಿದ್ಯೋ ಇದನ್ನೆಲ್ಲಾ!" ಎಂದು ಅವನೇ ಕೂಗಿದ. ಮಾಸ್ತರರು ಎರಡು ವರ್ಷದಿಂದ ಮರೆತಿದ್ದ ಉತ್ಸಾಹ ಮೈಯಲ್ಲಿ ಏರಿತು. ಆಟದೊಳಗೆ ಮುಳುಗಿಬಿಟ್ಟರು.

ಆಗಲೇ ಈ ಎಡವಟ್ಟು ಶುರುವಾದದ್ದು. ಎರಡು ಸಲ ಚೆಂಡು ಸುಮ್ಮನೆ ಎಡಮೂಲೆಗೆ ಹೋಯಿತು. ಈಗ ಮೂರನೆಯ ಸಲ. ಅವನದೇ ಪಾಳಿಯ ಹುಡುಗ ಕೇದಾರಿ ಬಲಗಡೆ ರಿಂಗಿನ ಕೆಳಗೆ ಒಬ್ಬನೇ ಕೈಯೆತ್ತಿ ನಿಂತಿದ್ದ. ಮಾಸ್ತರರು ಈ ಸಲವೂ ಗಂಟಲು ಹರಿಯುವಂತೆ ಕೂಗಿದರು.

ಲಗಮಪ್ಪ ಒಂದು ಗಳಿಗೆ ತಡೆದ. ಆಮೇಲೆ ಎಡಮೂಲೆಗೇ ಒಗೆದ.

ಆಟ ತಾನಾಗಿ ನಿಂತಿತು. ಈ ಸಲ ಯಾರೂ ನಗಲಿಲ್ಲ. ಮಾತಿನ ಮಲ್ಲ ಸಮ್ಮೇದ ನೆಲ ನೋಡುತ್ತ ನಿಂತ. ಲಗಮಪ್ಪ ತಾನೇ ಕುಂಟುತ್ತ ಹೋಗಿ ಚೆಂಡು ಎತ್ತಿಕೊಂಡು ಬಂದ.

ಮಾಸ್ತರರಿಗೆ ಆಗ ತಿಳಿಯಿತು. ಎಡಮೂಲೆ ನಿತಿನನ ಜಾಗ. ಅವರ ಒಬ್ಬನೇ ಮಗ ನಿತಿನ. ಎರಡು ವರ್ಷದ ಹಿಂದೆ ಯಮಕನಮರಡಿಯ ಹತ್ತಿರ ಮೋಟಾರ್ ಸೈಕಲ್ ಮೇಲಿಂದ ಬಿದ್ದವನು ಮನೆಗೆ ಬರಲಿಲ್ಲ. ಅದಕ್ಕೂ ಮುಂಚೆ ಆರು ವರ್ಷ ಆ ಮೂಲೆಯಲ್ಲಿ ನಿಂತು ಲಗಮಪ್ಪನ ಚೆಂಡು ಹಿಡಿದವನು ಅವನೇ. ಪಾಪ, ಲಗಮಪ್ಪನ ಕೈ ಇನ್ನೂ ಅವನ ಜೊತೆಗೇ ಆಡುತ್ತಿದೆ.

ಓಡಿಹೋಗಿ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಆದರೆ ಭಾನುವಾರ ಪಂದ್ಯ. ಇಲ್ಲದವನಿಗೆ ಚೆಂಡು ಕೊಡುವವನು ಇರುವವರನ್ನು ಹೇಗೆ ಗೆಲ್ಲಿಸಿಯಾನು? ಮನಸ್ಸಿನಲ್ಲೇ ಣಮೋಕಾರ ಮಂತ್ರ ಹೇಳಿಕೊಂಡು ಅವನನ್ನು ಹತ್ತಿರ ಕರೆದರು.

"ಲಗಮಾ, ನಿನ್ನ ಕಾಲು ಇನ್ನೂ ನಡೀತಾವಪಾ. ಮನಸು ಮಾತ್ರ ಹಿಂದ ನಿಂತೈತಿ."

ಲಗಮಪ್ಪ ಮಾಸ್ತರರ ಮುಖವನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

"ಹೌದ್ರಿ ಮಾಸ್ತರ."

"ನಿತಿನ ಹೋದ. ಹಡದಪ್ಪ ನಾನ ಗಟ್ಟಿ ಆಗೇನಿ. ನೀನೂ ಆಗಬೇಕು. ಈ ಸಲ ಆಡಸಾಕ ಬರೂದುಲ್ಲ, ಬ್ಯಾಸರ ಮಾಡ್ಕೋಬ್ಯಾಡ."

"ತಪ್ಪು ನಂದರಿ. ನೀವು ಮನಸಿಗೆ ಹಚ್ಕೋಬ್ಯಾಡ್ರಿ." ಅವನು ಚೆಂಡನ್ನು ಮಾಸ್ತರರ ಕೈಗಿಟ್ಟ. "ಹೊತ್ತು ಮುಳಗಾಕತ್ತೇತಿ. ಊಟಕ್ಕ ನಡೀರಿ ಮೊದಲ."

ಬಗ್ಗಿ ಕಾಲು ಮುಟ್ಟಿದ. ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ಗೇಟಿನ ಹತ್ತಿರ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡದ್ದು ಮಾಸ್ತರರಿಗೆ ಕಂಡಿತು.

ಸಮ್ಮೇದ ಬಂದು ಪಕ್ಕದಲ್ಲಿ ನಿಂತ.

"ಕಾಕಾ, ಅವನ್ನ ಹೊಳ್ಳಿ ಕರೀರಿ. ಅವ ಇದ್ರ ಅಷ್ಟ ನಾ ಆಡಾಂವ."

"ಬ್ಯಾಡ ಅಂದಾಂವ ನೀನ ಅಲ್ಲೇನು? ಕಣ್ಣಾರೆ ನೋಡಲಿಲ್ಲ? ಮೂರು ಸಲ ಕೇದಾರಿ, ಕೇದಾರಿ ಅಂತ ಒದರಿದ್ರೂ ಆ ಮೂಲಿಗೇ ಒಗದ."

ಸಮ್ಮೇದ ಕಾಕಾನ ಎರಡೂ ಕೈ ಹಿಡಿದುಕೊಂಡ.

"ನೀವು ಕೇದಾರಿ ಅನ್ನಲಿಲ್ರಿ ಕಾಕಾ. ಮೂರೂ ಸಲ ನಿತಿನಾ ಅಂತ ಕೂಗಿದ್ರಿ."