ಅವ್ವನ ಗುಟ್ಟಿನ ಮಾತು

ಈಗ್ಲೂ ಮಿರ್ಚಿ ಕರಿಯೋ ವಾಸ್ನೆ ಮೂಗಿಗೆ ಬಡಿದ್ರೆ ಹಿಂದೆ ಯಾವ್ದಾದ್ರೂ ಬೈಕ್ ನಿಂತೈತಾ ಅಂತ ತಿರುಗಿ ನೋಡ್ತೀನಿ.

ಆಗ ಒಂದನೇ ಕ್ಲಾಸು. "ಯಾರೇ ಕರ್ಕಂಡ್ ಹೋಗಾಕೆ ಬಂದ್ರೂ ನಮ್ಮ ಗುಟ್ಟಿನ ಮಾತು ಕೇಳು. ಹೇಳ್ದಿದ್ರೆ ಜೋರಾಗಿ ಕೂಗು," ಅಂತ ಅವ್ವ ಕಲಿಸಿದ್ಳು. ಆ ಮಾತು 'ಮಿರ್ಚಿ ಮಂಡಕ್ಕಿ'.

ಅವತ್ತು ಮಧ್ಯಾಹ್ನ ನ್ಯಾಮತಿ ಬಸ್‌ಸ್ಟ್ಯಾಂಡಲ್ಲಿ ಅವ್ವನಿಗೆ ಕಾಯ್ತಿದ್ದೆ. ಗುರುತಿಲ್ಲದೋನೊಬ್ಬ ಬೈಕ್ ನಿಲ್ಸಿ, "ಬಾರೋ, ನಿಮ್ಮವ್ವ ಕರ್ಕಂಡ್ ಬಾ ಅಂದ್ಳು," ಅಂದ.

ನಾನು ದೊಡ್ಡ ಪೊಲೀಸ್ ಸಾಹೇಬ್ರ ಥರ ಎದೆ ಉಬ್ಬಿಸಿ, "ಮೊದ್ಲು 'ಮಿರ್ಚಿ ಮಂಡಕ್ಕಿ' ಅನ್ರಿ. ಇಲ್ಲಾಂದ್ರೆ ಬರಾಕಿಲ್ಲ!" ಅಂದೆ.

ಅವ್ನು ನಕ್ಕು, "ಮಿರ್ಚಿ ಮಂಡಕ್ಕಿ," ಅಂದ.

ಪಾಸ್! ನಾನೇ ಹತ್ತಿ ಟ್ಯಾಂಕ್ ಮೇಲೆ ಕೂತೆ.

ಬೈಕು ಆಚೆ ಕಡೆ ತಿರುಗ್ತು. "ಮನೆ ಇತ್ಲಾಗ್ ಐತ್ರೀ," ಅಂದೆ. ಅವ್ನು ನನ್ನ ಹೊಟ್ಟೆ ಅಮುಕಿ ಹಿಡ್ಕಂಡ. ಚಡ್ಡಿ ಒದ್ದೆಯಾತು. ಸ್ಟ್ಯಾಂಡಿನೊಳಗೆ ಬರ್ತಿದ್ದ ಬಸ್ಸು ಅಡ್ಡ ಸಿಕ್ಕಿ ಬೈಕು ನಿಧಾನ ಆತು. ಕೂಗಾಕೆ ಬೇರೇನೂ ತೋಚದೆ, "ಮಿರ್ಚಿ ಮಂಡಕ್ಕೀ!" ಅಂತ ಅರಚಿದೆ.

ಆ ಬಸ್ಸಿಂದ್ಲೇ ಅವ್ವ ಚೀಲ ಎಸೆದು ಓಡಿ ಬಂದ್ಳು. ಅವ್ನು ನನ್ನ ಕೆಳಗೆ ದಬ್ಬಿ ಹೋಗೇಬಿಟ್ಟ.

"ಗುಟ್ಟಿನ ಮಾತು ಕೇಳಿದ್ಯೇನೋ?" ಅಂದ್ಳು.

"ಕೇಳ್ದೆ ಕಣವ್ವ. ಸರಿಯಾಗೇ ಹೇಳಿದ್ರು."

ಅವ್ವ ಬೈಲಿಲ್ಲ. ಅಲ್ಲೇ ಮಿರ್ಚಿ ಕರಿಯೋ ಅಂಗಡೀಲಿ ಕೂರಿಸಿ ಮಂಡಕ್ಕಿ ತಿನ್ನಿಸಿದ್ಳು. ಅವಳ ಕೈಯಿಂದ ಅರ್ಧ ನನ್ನ ಅಂಗಿ ಮೇಲೇ ಚೆಲ್ತಿತ್ತು. "ನೆಟ್ಟಗೆ ತಿನ್ಸವ್ವಾ," ಅಂತ ನಾನೇ ಬೈದೆ.