ಜಗತ್ತಿನಲ್ಲಿಲ್ಲದ ಅಣು

"ಲೇ ಇರ್ಫಾನ, ನಿನ್ನ ಮಷೀನ್ ಜಗತ್ತಿನ್ಯಾಗ ಎಲ್ಲೂ ಇಲ್ಲದ ಅಣು ಹಿಡದೈತಂತಲೇ! ಮ್ಯಾಡಮ್ ನಿನ್ನ ಹುಡುಕಾಕತ್ತಾರ!"

ರಾಹುಲ ಲ್ಯಾಬಿನ ಬಾಗಿಲಲ್ಲೇ ನಿಂತು ಒದರಿದ. ಇರ್ಫಾನ ಚಹಾ ಅಲ್ಲೇ ಇಟ್ಟು ಒಳಗೆ ಓಡಿದ.

ಹಳೆಯ ಸಂಶೋಧನಾ ಲೇಖನಗಳ ಪುಟದ ಫೋಟೋ ಕೊಟ್ಟರೆ, ಅಲ್ಲಿರುವ ಅಣುವಿನ ಚಿತ್ರವನ್ನು ಗುರುತಿಸಿ ಕಂಪ್ಯೂಟರಿಗೆ ತಿಳಿಯುವಂತೆ ಹೊಸದಾಗಿ ಬರೆದುಕೊಡುವುದು ಅವನ ಪ್ರೋಗ್ರಾಮಿನ ಕೆಲಸ. ನಾಳೆ ಮಧ್ಯಾಹ್ನ ಅದರದ್ದೇ ಪರೀಕ್ಷೆ.

ಪರದೆಯ ಮೇಲೊಂದು ಷಟ್ಕೋನ. ಮೊದಲ ಮೂಲೆಗೆ ಅಯೋಡಿನ್. ಪಕ್ಕದಲ್ಲಿ ಆರ್, ಅಂದರೆ ಯಾವ ಗುಂಪಾದರೂ ಕೂರಬಹುದಾದ ಜಾಗ. ಆಮೇಲೆ ಫ್ಲೋರಿನ್. ನಂತರ ಪ್ರಶ್ನಾರ್ಥಕ ಚಿಹ್ನೆ. ಆ ಅಕ್ಷರದ ಮೂಲವಸ್ತುವೇ ಇಲ್ಲವೆಂದು ಪ್ರೋಗ್ರಾಮ್ ಕೈಚೆಲ್ಲಿತ್ತು. ಕೊನೆಗೆ ನೈಟ್ರೋಜನ್. ಒಂದು ಮೂಲೆ ಖಾಲಿ.

"ಇಲ್ಲದ್ದ ಹುಟ್ಟಸೋ ಪ್ರೋಗ್ರಾಮಿಗೆ ಅಂಕ ಯಾರ ಕೊಡ್ತಾರಪಾ?" ಎಂದರು ಪ್ರಾಜೆಕ್ಟ್ ನೋಡಿಕೊಳ್ಳುವ ಮ್ಯಾಡಮ್. "ಯಾವ ಪುಟದಾಗಿಂದ ಬಂತು ತೋರಸು. ಇಲ್ಲಾಂದ್ರ ನಾಳೆ ಪರೀಕ್ಷಾಕ್ಕ ಕೂಡಬ್ಯಾಡ."

ಪುಟಗಳ ಫೋಟೋ ತೆಗೆದು ಹಾಕಿದ್ದವಳು ಪ್ರಾಜೆಕ್ಟಿನ ಜೊತೆಗಾರ್ತಿ ಸಮ್ರೀನ. ಬಬಲೇಶ್ವರದಲ್ಲಿ ಅಕ್ಕನ ಮದುವೆ ಮುಗಿಸಿ ಬಂದವಳೇ ಲೈಬ್ರರಿ ಹೊಕ್ಕಿದ್ದಳು. ಪ್ರೋಗ್ರಾಮ್ ಫೋಟೋಗಳನ್ನು ಉಳಿಸಿಕೊಳ್ಳುತ್ತಿರಲಿಲ್ಲ; ಅವೆಲ್ಲ ಅವಳ ಫೋನಿನಲ್ಲೇ ಇದ್ದವು.

ಅವಳು ಕಾರಿಡಾರಿನಲ್ಲಿ ಸಿಕ್ಕಳು. ಎಡಗೈ ದುಪಟ್ಟಾದೊಳಗೆ.

"ಪುಟದಾಗ ಯಾರರ ಏನರ ಗೀಚಿದ್ರೇನ?"

"ಪುಟದಾಗ ಯಾರೂ ಗೀಚಿಲ್ಲ."

"ಹಂಗಾರ ನನ್ನ ಪ್ರೋಗ್ರಾಮ್ ದಗಾ ಕೊಟ್ಟೈತಿ."

"ಅದು ಇದ್ದದ್ದನ್ನ ಓದೈತಿ. ನಿನಗ ಓದಾಕ ಬರಲಿಲ್ಲ, ಅಷ್ಟ."

"ಚಾಷ್ಟಿ ಸಾಕು. ಆ ಫೋಟೋ ಕಳಸು."

"ನೋಡೂನು," ಎಂದವಳು ತೊರವಿ ಬಸ್ಸು ಬಂತೆಂದು ಓಡಿಯೇಬಿಟ್ಟಳು.

ಇರ್ಫಾನನಿಗೆ ಅನುಮಾನ ಗಟ್ಟಿಯಾಯಿತು. ಬೇಕೆಂದೇ ಏನೋ ಸೇರಿಸಿದ್ದಾಳೆ. ಆದರೆ ತನ್ನದೇ ಪ್ರಾಜೆಕ್ಟನ್ನು ತಾನೇ ಕೆಡಿಸಿಕೊಳ್ಳುವುದುಂಟೇ? ಜಲನಗರದ ಮನೆಯಲ್ಲಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ತಟ್ಟೆಯಲ್ಲಿ ರೊಟ್ಟಿಯನ್ನು ಮುರಿದು ಮುರಿದು ಹಾಗೇ ಬಿಟ್ಟ. ಫೋನು ತೆಗೆದ, ಇಟ್ಟ, ಮತ್ತೆ ತೆಗೆದ.

ಕೊನೆಗೂ ಫೋಟೋ ಬಂತು.

ಹಳದಿಗಟ್ಟಿದ ಪುಟ. ಮಗುಚಿಕೊಳ್ಳದಂತೆ ಅದನ್ನು ಒತ್ತಿ ಹಿಡಿದ ಎಡಗೈ. ಕೈತುಂಬ ಕಡುಗೆಂಪು ಮೆಹಂದಿ. ಬಳ್ಳಿಗಳ ನಡುವೆ ಪುಟ್ಟದೊಂದು ಷಟ್ಕೋನ, ಒಂದು ಮೂಲೆ ಬಿಟ್ಟು ಉಳಿದವಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರ. ಅಯೋಡಿನ್ ಇದ್ದಲ್ಲಿ ಐ. ಪಕ್ಕದಲ್ಲಿ ಆರ್. ಫ್ಲೋರಿನ್ ಇದ್ದಲ್ಲಿ ಎಫ್. ಪ್ರಶ್ನಾರ್ಥಕ ಚಿಹ್ನೆಯ ಜಾಗದಲ್ಲಿ ಎ. ನೈಟ್ರೋಜನ್ ಇದ್ದಲ್ಲಿ ಎನ್.

ಕೆಳಗೆ ಅವಳ ಮೆಸೇಜು: "ಮೆಹಂದ್ಯಾಗ ಬಚ್ಚಿಟ್ಟ ಹೆಸರ ಹುಡುಗ ಹುಡುಕಬೇಕೋ ಹುಚ್ಚಾ, ಮಷೀನ್ ಅಲ್ಲ, ನಾಳೆ ಹತ್ತಕ್ಕ ಲೈಬ್ರರಿಗೆ ಬಾ, ಮ್ಯಾಡಮ್‌ಗ ಏನ ಸುಳ್ಳ ಹೇಳೋದಂತ ಇಬ್ರೂ ಕೂಡಿ ಹುಡುಕೂನು."